ಐಡಿ ಬ್ಲಾಕ್ ಆದರೆ ಯಾರನ್ನೂ ಕೇಳುವಂತಿಲ್ಲವೇ?

‘ಡೆಲಿವರಿ ಹುಡುಗರ ಐಡಿ ಬ್ಲಾಕ್ ಮಾಡುವುದು ಕಂಪ್ಯೂಟರ್. ಅದನ್ನು ಪ್ರಶ್ನಿಸಲು ನಮ್ಮಲ್ಲಿ ಕಾನೂನೇ ಇಲ್ಲ.’ ಹೀಗೊಂದು ಮೆಸೇಜ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಐಡಿ ಬ್ಲಾಕ್ ಅಂದರೆ ಆ್ಯಪ್‌ನಲ್ಲಿ ಕೆಲಸ ಸಿಗದಂತೆ ಮಾಡುವುದು, ಅಂದರೆ ಕೆಲಸದಿಂದ ತೆಗೆದಂತೆಯೇ. ಕರ್ನಾಟಕದಲ್ಲಿ 2025ರಲ್ಲೇ ಗಿಗ್ ಕಾರ್ಮಿಕರ, ಅಂದರೆ ಹೀಗೆ ಆ್ಯಪ್ ಮೂಲಕ ಕೆಲಸ ಮಾಡುವವರ ಕಾಯ್ದೆ ಬಂದಿದೆ. ಅದರ ಪ್ರಕಾರ ಕೆಲಸದಿಂದ ತೆಗೆಯುವ ಮುಂಚೆ ಕಂಪನಿ ಸರಿಯಾದ ಕಾರಣವನ್ನು ಬರೆದು ಕೊಡಬೇಕು. 14 ದಿನ ಮೊದಲೇ ನೋಟಿಸ್ ಕೊಡಬೇಕು. ಗ್ರಾಹಕರಿಗೆ ದೈಹಿಕ ಹಾನಿ ಮಾಡಿದಂಥ ಪ್ರಕರಣಗಳು ಬೇರೆ. ‘ಸಿಸ್ಟಮ್ ಹೇಳಿತು’ ಅಂತ ಸುಮ್ನೆ ಕೈತೊಳೆದುಕೊಳ್ಳುವಂತಿಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು ವಿಷಯ. ಯಾರಿಗೆ ಎಷ್ಟು ಆರ್ಡರ್, ಎಷ್ಟು ರೇಟಿಂಗ್, ಎಷ್ಟು ದುಡ್ಡು ಎಂಬುದನ್ನು ಆ್ಯಪ್‌ನೊಳಗಿನ ಅಲ್ಗಾರಿದಮ್ (ಕಂಪ್ಯೂಟರ್ ಲೆಕ್ಕ ಹಾಕುವ ನಿಯಮಗಳ ಪಟ್ಟಿ) ತೀರ್ಮಾನಿಸುತ್ತದೆ. ದಿನದ ಸಂಪಾದನೆಯೇ ಅದರ ಕೈಯಲ್ಲಿದೆ, ಅಲ್ವಾ? ಅದು ತಮ್ಮ ಕೆಲಸದ ಮೇಲೆ ಹೇಗೆ ಪರಿಣಾಮ ಬೀರುತ್ತದೆ ಎಂದು ಕೇಳಿ ತಿಳಿಯುವ ಹಕ್ಕು ಕಾರ್ಮಿಕರಿಗೆ ಇದೆ. ಉತ್ತರ ಸರಳ ಭಾಷೆಯಲ್ಲಿರಬೇಕು, ಕನ್ನಡದಲ್ಲೂ ಸಿಗಬೇಕು. ಜಾತಿ, ಧರ್ಮ, ಲಿಂಗ ನೋಡಿ ಆ ವ್ಯವಸ್ಥೆ ಭೇದ ಮಾಡದಂತೆ ಕಂಪನಿಯೇ ನೋಡಿಕೊಳ್ಳಬೇಕು. ಮಾತಾಡಲು ಒಬ್ಬ ಮನುಷ್ಯನೂ ಇರಬೇಕು, ಬರೀ ಚಾಟ್‌ಬಾಟ್ ಸಾಲದು.

ಹಾಗಂತ ಈ ಕಾಯ್ದೆ ಇವರನ್ನು ಕಾಯಂ ನೌಕರರನ್ನಾಗಿ ಮಾಡಿಲ್ಲ. ಐಡಿ ಬ್ಲಾಕ್ ಆದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಕಾರಣವನ್ನು ಬರವಣಿಗೆಯಲ್ಲೇ ಕೇಳಿ.