ಸತ್ಯಾಂಶ: ಬಿಸಿಯೂಟದ ಅಕ್ಕಿಯಲ್ಲಿ ತೇಲುವುದು ಪ್ಲಾಸ್ಟಿಕ್ ಅಲ್ಲ

‘ಶಾಲೆಯ ಬಿಸಿಯೂಟಕ್ಕೆ ಪ್ಲಾಸ್ಟಿಕ್ ಅಕ್ಕಿ ಬೆರೆಸುತ್ತಿದ್ದಾರೆ, ನೀರಿಗೆ ಹಾಕಿದರೆ ತೇಲುತ್ತದೆ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಮತ್ತೆ ಹರಿದಾಡುತ್ತದೆ. ತೇಲುವುದು ನಿಜ, ಪ್ಲಾಸ್ಟಿಕ್ ಎಂಬುದು ಸುಳ್ಳು. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವವನ್ನು ಕಲಸಿ, ಯಂತ್ರದಲ್ಲಿ ಕಾಳಿನ ಆಕಾರಕ್ಕೆ ಒತ್ತಿ ಒಣಗಿಸಿದ ಸಾರವರ್ಧಿತ ಕಾಳುಗಳಿವು. ಒಂದು ಕಿಲೋ ಅಕ್ಕಿಗೆ ಬೆರೆಯುವುದು ಸುಮಾರು 10 ಗ್ರಾಂ ಮಾತ್ರ. ಸಾಮಾನ್ಯ ಅಕ್ಕಿಗಿಂತ ಹಗುರವಾದ್ದರಿಂದ ಕೆಲವು ತೇಲುತ್ತವೆ, ಆದರೆ ಬೆಂದಾಗ ಉಳಿದ ಅನ್ನದಂತೆಯೇ ಮೆತ್ತಗಾಗುತ್ತವೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಲ್ಲಿ ರಕ್ತಹೀನತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಇನ್ನೂ ಹೆಚ್ಚು. ಕಾಯಿಲೆಗೆ ಮುನ್ನವೇ ರಕ್ತಹೀನತೆ ತರುವ ಪೋಷಕಾಂಶಗಳ ಕೊರತೆಯನ್ನು ತಟ್ಟೆಯಲ್ಲೇ ತುಂಬಿಕೊಡುವುದು ಈ ಕಾಳುಗಳ ಉದ್ದೇಶ. ಥಲಸ್ಸೇಮಿಯಾ (ದೇಹದಲ್ಲಿ ಕಬ್ಬಿಣಾಂಶ ಅತಿಯಾಗಿ ಸೇರಬಹುದಾದ ಆನುವಂಶಿಕ ರಕ್ತದ ಕಾಯಿಲೆ) ಇರುವ ಮಕ್ಕಳ ಪೋಷಕರು ಮಾತ್ರ ವೈದ್ಯರನ್ನು ಕೇಳಿಕೊಳ್ಳಬೇಕು. ಉಳಿದವರು ಅಕ್ಕಿ ತೊಳೆಯುವಾಗ ತೇಲಿದ ಕಾಳನ್ನು, ದಯವಿಟ್ಟು, ಆರಿಸಿ ಎಸೆಯಬಾರದು.