ಬಡ್ತಿ ಎಂಬ ಘೋರ ಶಿಕ್ಷೆ

ಜರ್ಮನಿಯ ಕೆಮ್ನಿಟ್ಸ್ ನಗರದ ನಟ್ಟನಡುವೆ ಕಾರ್ಲ್ ಮಾರ್ಕ್ಸ್‌ನ ತಲೆ ಇದೆ. ಬರೀ ತಲೆ. 7 ಮೀಟರ್ ಎತ್ತರ, ಸುಮಾರು 40 ಟನ್ ಕಂಚು. ಪೂರ್ವ ಜರ್ಮನಿಯ ಕಾಲಕ್ಕೆ ಊರಿಗೂ ಅವನದೇ ಹೆಸರು. 1990ರಲ್ಲಿ ಹೆಸರು ಹೋಯಿತು, ತಲೆ ಉಳಿಯಿತು. ಹಿಂದಿನ ಗೋಡೆಯ ಮೇಲೆ ‘ವಿಶ್ವದ ಕಾರ್ಮಿಕರೇ ಒಂದಾಗಿ’ ಎಂದು ನಾಲ್ಕು ಭಾಷೆಗಳಲ್ಲಿದೆ. 2018ರ ಆಗಸ್ಟ್ 27ರ ಸಂಜೆ ಸುಮಾರು 6,000 ಜನ ಅದರೆದುರು ನಿಜಕ್ಕೂ ಒಂದಾದರು, ‘ವಿದೇಶಿಯರೇ ತೊಲಗಿ’ ಎಂದು ಕೂಗುವುದಕ್ಕೆ! ಕೆಲವರ ಬಲಗೈ ಹಿಟ್ಲರನ ಕಾಲದಂತೆ ಮೇಲೆದ್ದಿತ್ತು. ಆ ದೇಶದಲ್ಲಿ ಅದು ಅಪರಾಧ. ಆದರೆ ಹಿಡಿಯಬೇಕಾದ ಪೊಲೀಸರು 600 ಮಂದಿಯೂ ಇರಲಿಲ್ಲ. ಮಾರ್ಕ್ಸ್ ಕೂಡ ಪೌರತ್ವ ಬಿಟ್ಟು ಲಂಡನ್ನಿನಲ್ಲಿ ಸತ್ತ ವಲಸಿಗನೇ. ಆ ಗಡ್ಡದ ಕೆಳಗೆ ಎರಡು ಕಾಲಿದ್ದಿದ್ದರೆ ಅವತ್ತು ಅವನೂ ಓಡಬೇಕಾಗುತ್ತಿತ್ತು.

ಹಿಂದಿನ ದಿನ ನಸುಕಿನಲ್ಲಿ, ನಗರೋತ್ಸವದ ಹೊತ್ತಿನಲ್ಲಿ, 35 ವರ್ಷದ ಯುವಕನೊಬ್ಬ ಚೂರಿ ಇರಿತಕ್ಕೆ ಬಲಿಯಾಗಿದ್ದ. ಶಂಕಿತರು ಸಿರಿಯಾ, ಇರಾಕ್ ಕಡೆಯವರು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಮರುವರ್ಷ ನ್ಯಾಯಾಲಯ ಸಿರಿಯಾದವನೊಬ್ಬನಿಗೆ ಒಂಬತ್ತೂವರೆ ವರ್ಷ ಜೈಲು ವಿಧಿಸಿತು. ವಿಪರ್ಯಾಸ ಇರುವುದು ಸೇಡಿಗೆ ಹೊರಟವರಲ್ಲಿ. ಸತ್ತವನ ತಂದೆ ಕ್ಯೂಬಾದವರು, ಅವನದೂ ಕಪ್ಪು ಮೈಬಣ್ಣ. ಅವನ ಹೆಸರು ಹೇಳಿಕೊಂಡು ಬೀದಿಗಿಳಿದವರು ಮೈಬಣ್ಣ ನೋಡಿ ನೋಡಿ ಜನರ ಮೇಲೆ ಬಿದ್ದರು. ಮರುದಿನ ಒಂದು ಯಹೂದಿ ರೆಸ್ಟೋರೆಂಟಿಗೂ ಕಲ್ಲು ಬಿತ್ತು. ಸಿರಿಯಾಕ್ಕೂ ಆ ಹೋಟೆಲಿಗೂ ಏನು ಸಂಬಂಧ ಎಂದು ಕೇಳಬೇಡಿ, ಕಲ್ಲು ಹಿಡಿದವರಿಗೆ ಭೂಗೋಳ ಬೇಕಿಲ್ಲ.

ಇಷ್ಟೆಲ್ಲ ಆದ ಮೇಲೆ ಬರ್ಲಿನ್ ಎಚ್ಚೆತ್ತು ಕೇಳಿದ ಪ್ರಶ್ನೆ: ವಲಸಿಗರಂತೆ ಕಂಡವರನ್ನು ಅಟ್ಟಿಸಿಕೊಂಡು ಹೋಗಿದ್ದನ್ನು ಬೇಟೆ ಎನ್ನಬಹುದೇ? ಚಾನ್ಸಲರ್ ಮರ್ಕೆಲ್ ಅವರ ವಕ್ತಾರರು ಹೌದೆಂದರು. ಕೆಮ್ನಿಟ್ಸ್ ಇರುವ ಸ್ಯಾಕ್ಸನಿ ರಾಜ್ಯದ ಮುಖ್ಯಮಂತ್ರಿ ಕ್ರೆಟ್ಶ್ಮರ್, ದೊಂಬಿಯೂ ಇಲ್ಲ ಬೇಟೆಯೂ ಇಲ್ಲ ಎಂದು ಶಾಸನಸಭೆಯಲ್ಲೇ ಸಾರಿದರು. (ಇದೇ ಊರು 2025ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಯಿತು. ಆರಿಸಿಕೊಂಡ ಘೋಷಣೆ ‘ಕಾಣದ್ದನ್ನು ಕಾಣಿರಿ’ ಎಂಬ ಅರ್ಥದ್ದು. ಏಳು ವರ್ಷ ಮುಂಚೆ ಹೊಳೆದಿದ್ದರೆ ಮುಖ್ಯಮಂತ್ರಿಗಳಿಗೆ ಉಪಯೋಗವಾಗುತ್ತಿತ್ತು.) ಸಾಕ್ಷಿಗೆ 19 ಸೆಕೆಂಡಿನ ವಿಡಿಯೋ ಇತ್ತು. ಗಂಡಸರು ಒಬ್ಬನನ್ನು ಅಟ್ಟಿಸಿಕೊಂಡು ಓಡುತ್ತಾರೆ. ಪಕ್ಕದಲ್ಲಿ ಹೆಂಗಸೊಬ್ಬಳು ತನ್ನವನನ್ನು ಮುದ್ದಿನಿಂದ ‘ಮೊಲವೇ’ ಎಂದು ಕರೆದು, ನೀನು ಇಲ್ಲೇ ಇರು ಅನ್ನುತ್ತಾಳೆ. ಬೇಟೆ ನಡೆಯಿತೋ ಇಲ್ಲವೋ, ಮೊಲವಂತೂ ಸ್ಥಳದಲ್ಲಿತ್ತು. ಅದೂ ಓಡಿಸುವವರ ಕಡೆ.

ಆಗ ಬಾಯಿಬಿಟ್ಟವರು ಹಾನ್ಸ್ ಗೆಯೋರ್ಗ್ ಮಾಸೆನ್, ದೇಶದೊಳಗಿನ ಗುಪ್ತಚರ ಇಲಾಖೆಯ ಮುಖ್ಯಸ್ಥರು. ಉಗ್ರರ ಮೇಲೆ ಕಣ್ಣಿಡುವುದು ಅವರ ಉದ್ಯೋಗ. ಕಣ್ಣಿಟ್ಟದ್ದು ವಿಡಿಯೋದ ಮೇಲೆ. ಅದು ಅಸಲಿ ಎನ್ನಲು ಪುರಾವೆ ಇಲ್ಲ, ಕೊಲೆಯಿಂದ ಜನರ ಗಮನ ಬೇರೆಡೆ ಸೆಳೆಯಲು ಬೇಕೆಂದೇ ಹಬ್ಬಿಸಿದ್ದಿರಬಹುದು ಎಂದು ಪತ್ರಿಕೆಯೊಂದಕ್ಕೆ ಹೇಳಿದರು. ನಕಲಿ ಎನ್ನುವ ಸುಳಿವೇ ಇಲ್ಲ ಎಂದರು ಡ್ರೆಸ್ಡೆನ್‌ನ ಸರ್ಕಾರಿ ವಕೀಲರು.

ಮಾಸೆನ್‌ರನ್ನು ತೆಗೆಯಿರಿ ಎಂದು ಮರ್ಕೆಲ್ ಸರ್ಕಾರದ ಮಿತ್ರಪಕ್ಷ ಸೋಷಿಯಲ್ ಡೆಮಾಕ್ರಾಟ್ ಹಟ ಹಿಡಿಯಿತು. ಬಿಡುವುದಿಲ್ಲ ಎಂದರು ಗೃಹಮಂತ್ರಿ ಜೇಹೋಫರ್. ವಲಸೆಯೇ ಎಲ್ಲ ರಾಜಕೀಯ ಸಮಸ್ಯೆಗಳ ತಾಯಿ ಎಂದು ಅದೇ ತಿಂಗಳು ಅಪ್ಪಣೆ ಕೊಡಿಸಿದ್ದವರು ಇವರೇ. ಸೆಪ್ಟೆಂಬರ್ 18ರಂದು ಮರ್ಕೆಲ್, ಜೇಹೋಫರ್, ಸೋಷಿಯಲ್ ಡೆಮಾಕ್ರಾಟ್ ನಾಯಕಿ ನಾಲೆಸ್ ಮೂವರೂ ಬಾಗಿಲು ಹಾಕಿಕೊಂಡು ಕೂತು ಶಿಕ್ಷೆ ತೀರ್ಮಾನಿಸಿದರು. ಮಾಸೆನ್ ಎತ್ತಂಗಡಿ! ಎಲ್ಲಿಗೆ? ಗೃಹಸಚಿವಾಲಯಕ್ಕೆ, ಕಾರ್ಯದರ್ಶಿಯಾಗಿ. ಸಂಬಳ ತಿಂಗಳಿಗೆ ಸುಮಾರು 2,500 ಯೂರೋ ಜಾಸ್ತಿ. ಇಂಥ ಶಿಕ್ಷೆ ಸಿಗುವುದಾದರೆ ತಪ್ಪು ಮಾಡಲು ಯಾವ ಗುಮಾಸ್ತ ಹಿಂದೇಟು ಹಾಕಿಯಾನು?

ಕುರ್ಚಿ ಖಾಲಿಯಿರಲಿಲ್ಲ. ಹಾಗಾಗಿ ಅದೇ ಸಚಿವಾಲಯದಲ್ಲಿ ವಸತಿ ನೋಡಿಕೊಳ್ಳುತ್ತಿದ್ದ ಗುಂಟರ್ ಆಡ್ಲರ್ ಎಂಬ ಅನುಭವಿಯನ್ನು ಮನೆಗೆ ಕಳಿಸುವುದೆಂದಾಯಿತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಮನೆ ಬಾಡಿಗೆ ಗಗನಕ್ಕೇರಿ ಜನ ಬೊಬ್ಬೆ ಹೊಡೆಯುತ್ತಿದ್ದ ಕಾಲ. ಅದೇ ವಾರ ಬರ್ಲಿನ್ನಿನಲ್ಲಿ ವಸತಿ ಸಮಾವೇಶ ಬೇರೆ. ಮನೆ ಕಟ್ಟಿಸುವವನಿಗೇ ಮನೆಯ ದಾರಿ. ಆಡ್ಲರ್ ಕೂಡ ಸೋಷಿಯಲ್ ಡೆಮಾಕ್ರಾಟ್ ಪಕ್ಷದವರೇ ಅನ್ನುವುದು ಈ ಪಂಚಾಯ್ತಿಯ ಸೊಗಸು.

ದೇಶವೇ ಬಾಯಿಗೆ ಬಂದಂತೆ ಬೈದ ಮೇಲೆ ನಾಲೆಸ್, ನಾವು ಮೂವರೂ ತಪ್ಪಿದೆವು ಎಂದು ಪತ್ರ ಬರೆದರು. ಮತ್ತೆ ಪಂಚಾಯ್ತಿ. ಈ ಸಲ ಮಾಸೆನ್‌ಗೆ ವಿಶೇಷ ಸಲಹೆಗಾರನ ಪಟ್ಟ, ಸಂಬಳ ಹಿಂದಿನಷ್ಟೇ. ಆಡ್ಲರ್ ಉಳಿದುಕೊಂಡರು. ಮುಗಿಯಿತು ಅನ್ನುವಷ್ಟರಲ್ಲಿ ಮಾಸೆನ್ ವಾರ್ಸಾದಲ್ಲಿ ಬೀಳ್ಕೊಡುಗೆ ಭಾಷಣ ಮಾಡಿ, ಸೋಷಿಯಲ್ ಡೆಮಾಕ್ರಾಟರಲ್ಲಿ ತೀವ್ರ ಎಡಪಂಥೀಯರಿದ್ದಾರೆ ಎಂದುಬಿಟ್ಟರು. ನವೆಂಬರಿನಲ್ಲಿ ಜೇಹೋಫರ್ ಅವರೇ ಮನಸ್ಸಿಲ್ಲದ ಮನಸ್ಸಿನಿಂದ ಅವರನ್ನು ತಾತ್ಕಾಲಿಕ ನಿವೃತ್ತಿಗೆ ಕಳಿಸಿದರು. ಅಷ್ಟರಲ್ಲಿ ಗಲಭೆಯ ನೆನಪು ಯಾರಿಗಿತ್ತು?

ವಲಸೆ ವಿರೋಧಿ ಎಎಫ್‌ಡಿ ಪಕ್ಷಕ್ಕಿತ್ತು. ಸ್ಯಾಕ್ಸನಿಯಲ್ಲಿ 2014ರಲ್ಲಿ ಶೇ. 9.7 ಮತ ಪಡೆದಿದ್ದ ಅದು 2019ರಲ್ಲಿ ಶೇ. 27.5ಕ್ಕೆ ಏರಿತು.

ಮಾಸೆನ್ 2021ರಲ್ಲಿ ಸಂಸತ್ತಿಗೆ ನಿಂತು ಸೋತರು, ಆಮೇಲೆ ಸ್ವಂತ ಪಕ್ಷ ಕಟ್ಟಿದರು. 2024ರ ಆರಂಭದಲ್ಲಿ ಗೊತ್ತಾಯಿತು: ಅವರೇ ಆಳಿದ್ದ ಗುಪ್ತಚರ ಇಲಾಖೆ ಬಲಪಂಥೀಯ ಉಗ್ರವಾದದ ಕಡತದಲ್ಲಿ ಅವರ ಹೆಸರನ್ನೂ ಸೇರಿಸಿಕೊಂಡಿದೆ. ಅಂತೂ ಹಳೆಯ ಕಚೇರಿಯಲ್ಲೇ ಮತ್ತೆ ಜಾಗ ಸಿಕ್ಕಿತು. ಸಂಬಳ ಮಾತ್ರ ಇಲ್ಲ.