ರಸ್ತೆ ದಾಟೋಕೆ ಮೆಟ್ಟಿಲು ಹತ್ತಬೇಕಂತೆ!

ನಮ್ಮ ಬಡಾವಣೆಯ ಮುಖ್ಯರಸ್ತೆಗೆ ಹೊಸ ಡಾಂಬರು ಬಿದ್ದಿದೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎಲ್ಲರೂ ಕೈಮುಗಿಯುತ್ತಿದ್ದಾರೆ, ಹೂವು ಕಳಿಸುತ್ತಿದ್ದಾರೆ. ನನಗೆ ಮಾತ್ರ ಮೈ ಉರಿಯುತ್ತಿದೆ. ಯಾಕಂದ್ರೆ ನಾನು ಬಸ್ಸಿಗೆ ನಡೆದು ಹೋಗುವವಳು.

ನಿಜ ಹೇಳಬೇಕಂದ್ರೆ, ಇಷ್ಟು ದಿನ ನಮ್ಮನ್ನು ಕಾಪಾಡಿದ್ದು ಆ ಗುಂಡಿಗಳೇ. ಗುಂಡಿ ನೋಡಿ ಗಾಡಿಗಳು ನಿಧಾನವಾಗುತ್ತಿದ್ದವು, ನಾವು ದಾಟುತ್ತಿದ್ದೆವು. ಈಗ ರಸ್ತೆ ನುಣ್ಣಗಿದೆ, ಅಗಲವಾಗಿದೆ, ಮೂಲೆಯಲ್ಲಿ ಸಿಗ್ನಲ್‌ಗೆ ಕಾಯದೆ ಎಡಕ್ಕೆ ತಿರುಗೋ ಫ್ರೀ ಲೆಫ್ಟ್ ಬೇರೆ. ‘ನಿಧಾನವಾಗಿ ಚಲಿಸಿ’ ಅಂತ ಬೋರ್ಡ್ ಹಾಕಿದ್ದಾರೆ. ಅಷ್ಟು ಅಗಲದ ರಸ್ತೆ ಸಿಕ್ಕರೆ ಬೋರ್ಡ್ ಓದಿ ನಿಧಾನ ಮಾಡುವವರು ಯಾರು? ವೇಗ ಎರಡರಷ್ಟಾದರೆ, ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲೋಕೆ ನಾಲ್ಕರಷ್ಟು ದೂರ ಬೇಕು. ಹೈಸ್ಕೂಲ್ ಲೆಕ್ಕ ಇದು. ರಸ್ತೆ ಮಾಡುವವರಿಗೆ ಗೊತ್ತಿಲ್ವಾ?

ಜೀಬ್ರಾ ಪಟ್ಟೆ ಡಾಂಬರಿನಡಿ ಹೋಯಿತು, ಮತ್ತೆ ಬಳಿಯಲೇ ಇಲ್ಲ. ರಸ್ತೆ ನಡುವಿನ ಮೀಡಿಯನ್‌ಗೆ ಕಬ್ಬಿಣದ ಬೇಲಿ ಹಾಕಿದರು. ದಾಟೋದು ಹೇಗೆ ಅಂತ ಕೇಳಿದರೆ, ‘ಸ್ಕೈವಾಕ್ ಇದೆಯಲ್ಲಾ ಮೇಡಂ!’ ಇದೆ, ರಸ್ತೆಯ ಮೇಲೆ ಹಾದುಹೋಗೋ ಕಾಲುಸೇತುವೆ. ಬಸ್ಸು, ಲಾರಿ ಹೋಗಲು ಕೆಳಗೆ 5.5 ಮೀಟರ್ ಬಿಡಬೇಕು. ಅಂದ್ರೆ 35ಕ್ಕಿಂತ ಜಾಸ್ತಿ ಮೆಟ್ಟಿಲು ಹತ್ತಬೇಕು, ಅಷ್ಟೇ ಇಳಿಯಬೇಕು. ಮಂಡಿ ನೋವಿರುವ ನಮ್ಮಮ್ಮ ಎದುರಿನ ಮೆಡಿಕಲ್ ಸ್ಟೋರಿನಿಂದ ಒಂದು ಮಾತ್ರೆ ತರೋಕೆ ಇಷ್ಟು ಮಾಡಬೇಕು. ಕಾರಿನಲ್ಲಿ ಕೂತವರು ಕಾಲಿನ ತುದಿ ಒತ್ತಿದರೆ ಸಾಕು, ಕಾರು ನಿಲ್ಲುತ್ತದೆ. ಆದರೆ ಅವರಿಗೆ ತೊಂದರೆ ಆಗಬಾರದು, ಅಲ್ವಾ? ಲಿಫ್ಟ್ ಇದೆ, ಬಾಗಿಲಿಗೆ ಬೀಗ. ಮೇಲಿನ ಜಾಹೀರಾತಿಗೆ ಮಾತ್ರ ರಾತ್ರಿಯಿಡೀ ಲೈಟು.

ಇನ್ನು ಫುಟ್‌ಪಾತ್. ಒಂದು ಮನೆಯ ಗೇಟಿನ ಮುಂದೆ ಇಳಿ, ಮುಂದಿನ ಮನೆ ಹತ್ತಿರ ಹತ್ತು. ಮಧ್ಯೆ ಟ್ರಾನ್ಸ್‌ಫಾರ್ಮರ್. ಅದನ್ನು ದಾಟಿದರೆ ಬಾಯಿ ತೆರೆದ ಚಪ್ಪಡಿ, ಒಳಗೆ ಮೋರಿ. ಸಂಜೆ ಆದರೆ ಸ್ಕೂಟರುಗಳೂ ಮೇಲೇ ಬರುತ್ತವೆ. ನಾವು ಅಡ್ಡ ನಿಂತರೆ ಹಾರ್ನ್ ನಮಗೇ!

ನಿಯಮ ಇಲ್ಲ ಅಂತ ಯಾರೂ ಹೇಳಬೇಡಿ. ರಸ್ತೆ ಹೇಗಿರಬೇಕು ಅಂತ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದರ 2012ರ ಕೈಪಿಡಿಯಲ್ಲೇ ಬರೆದಿದೆ: ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಖಾಲಿ ಇರಬೇಕು, ಅಂಚು 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು. ನಮ್ಮ ಬೀದಿಯ ಅಂಚಿನ ಕಲ್ಲು ನನ್ನ ಮೊಣಕಾಲಿನ ಹತ್ತಿರ ಬರುತ್ತದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅನ್ನೋ ಸೆಕ್ಷನ್ ಸೇರಿಸಿದರು. ರಸ್ತೆಯ ವಿನ್ಯಾಸ ಸರಿ ಮಾಡದೆ ಯಾರಾದರೂ ಸತ್ತರೆ, ಅಂಗವಿಕಲರಾದರೆ, ಅದಕ್ಕೆ ಹೊಣೆಯಾದವರಿಗೆ ಒಂದು ಲಕ್ಷದವರೆಗೆ ದಂಡ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೂ ಹೇಳಿತು, ಅಡ್ಡಿಯಿಲ್ಲದ ಫುಟ್‌ಪಾತ್ ಜೀವಿಸುವ ಹಕ್ಕಿನ ಭಾಗ ಅಂತ. ಆ ಹಕ್ಕಿನ ಮೇಲೆ ಸದ್ಯಕ್ಕೆ ಯಾರೋ ಮರಳು, ಜಲ್ಲಿ ಸುರಿದಿದ್ದಾರೆ.

ಮಾಡೋಕೆ ಬರಲ್ಲ ಅಂತಲೂ ಅಲ್ಲ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಯಲ್ಲಿ ಟೆಂಡರ್‌ಶೂರ್ ಅಂತ ಒಂದು ಯೋಜನೆ ಮಾಡಿದರು. ಅಗಲವಾದ ಫುಟ್‌ಪಾತ್ ಕಟ್ಟಿ, ಪೈಪು, ಕೇಬಲ್ಲುಗಳನ್ನು ಕೆಳಗೆ ಕಳಿಸಿದರು. ಅಲ್ಲಿ ನಡೆದರೆ ನಾವೂ ಮನುಷ್ಯರು ಅನ್ನಿಸುತ್ತದೆ. ‘ಅದಕ್ಕೆ ದುಡ್ಡು ಜಾಸ್ತಿ’ ಅಂತೀರಾ? ಸರಿ, ಜೀಬ್ರಾ ಪಟ್ಟೆಗೆ ಎಷ್ಟು ಬಣ್ಣ ಬೇಕು ಸ್ವಾಮಿ?

ಸೈಕಲ್ ಬಗ್ಗೆ ಏನು ಹೇಳಲಿ, ಮಗಳ ಸೈಕಲ್ ಈಗ ಬಾಲ್ಕನಿಯಲ್ಲಿದೆ. ಬಸ್ ಸ್ಟಾಪಿನಲ್ಲಿ ಕಾರು, ಆಟೋ ನಿಂತಿರುತ್ತವೆ. ಬಸ್ಸು ನಡುರಸ್ತೆಯಲ್ಲಿ ನಿಲ್ಲುತ್ತದೆ, ನಾವು ಬೈಕುಗಳ ನಡುವೆ ಓಡಿ ಹತ್ತಬೇಕು. ಆಮೇಲೆ ‘ಜನರಿಗೆ ಶಿಸ್ತಿಲ್ಲ’ ಅಂತ ನಮಗೇ ಭಾಷಣ.

ಜೀಬ್ರಾ ಪಟ್ಟೆ ಬೇಕು ಅಂತ ಆ್ಯಪಿನಲ್ಲಿ ದೂರು ಕೊಟ್ಟಿದ್ದೆ. ಮೊನ್ನೆ ಮೆಸೇಜ್ ಬಂತು, ‘ನಿಮ್ಮ ದೂರನ್ನು ಪರಿಹರಿಸಲಾಗಿದೆ.’ ಹೋಗಿ ನೋಡಿದರೆ ಮೀಡಿಯನ್‌ಗೆ ಹಳದಿ ಕಪ್ಪು ಬಣ್ಣ ಬಳಿದಿದ್ದಾರೆ!